ಯರವಡಾ ಪಾಯಿಂಟಿನ ಹಳೇ ಟೈಮು

"ಜೋರ ಹೊಡಿಯೋ ತಮ್ಮಾ, ಜೋರ ಹೊಡಿ!"

ಅಕ್ಕ ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದಳು. ಅವಳ ಊಟದ ಡಬ್ಬಿ ನಮ್ಮಿಬ್ಬರ ನಡುವೆ ಸಿಕ್ಕಿಕೊಂಡು ನನ್ನ ಬೆನ್ನೆಲುಬಿಗೆ ಒತ್ತುತ್ತಿತ್ತು. ಬೈಕು ನನ್ನದಲ್ಲ, ನಮ್ಮ ಇಂಜಿನಿಯರರದು. ಅವರನ್ನು ಕೇಳದೆ ಕೀಲಿ ತಂದಿದ್ದೆ. ಅದು ಎಷ್ಟು ಓಡಬಹುದೋ ಅಷ್ಟೂ ಓಡುತ್ತಿತ್ತು.

"ಎಷ್ಟ್ ಜೋರ ಹೊಡೀಲಿ? ವಿಮಾನ ಅಂತ ತಿಳದೀ ಏನು?"

"ವಿಮಾನ ಇದ್ದಿದ್ರ ನಿನ್ನ ಕೈಯಾಗ ಯಾರ್ ಕೊಡತಿದ್ರು? ಮುಂದ ನೋಡು, ಮುಂದ!"

ಮುಂದೆ ಶಿಕ್ರಾಪುರದ ಚೌಕ. ಎರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ನಿಂತಿತ್ತು. ಅದರ ಡ್ರೈವರ್ ಕೆಳಗಿಳಿದು ಚಹಾ ಕುಡಿಯುತ್ತಿದ್ದ. ಅಕ್ಕ ಬೈಕಿನಿಂದ ಧುಮುಕಿ ಅವನ ಕಡೆಗೆ ಓಡಿದಳು. "ಓ ದಾದಾ, ಗಾಡೀ ಕಾಢಾ ನಾ!" ಗಾಡಿ ತೆಗೀರಿ ಎಂದು ಮರಾಠಿಯಲ್ಲಿ ಕೂಗಿದಳು. ಅವನು ಲೋಟ ಖಾಲಿ ಮಾಡಿಯೇ ಎದ್ದ.

ವಾಪಸ್ ಬಂದು ಕೂತಾಗ ಅಕ್ಕ ಅಳುತ್ತಿರಲಿಲ್ಲ. ಒಂದೇ ಮಾತು ಕೇಳಿದಳು.

"ನೀವು ಕೊಟ್ಟ ಚಹಾದಂಗಡಿ ಫೋನಿನ್ಯಾಗ ಐದೂ ಐವತ್ತು ಅಂತ ಇತ್ತಲ್ಲೋ. ನಾ ಕಣ್ಣಾರೆ ನೋಡೀನಿ."

ನಾನು ಮತ್ತೆ ಬೈಕು ಜೋರು ಮಾಡಿದೆ. 

ಅಕ್ಕನ ವಿಷಯ ಮೊದಲು ಹೇಳುತ್ತೇನೆ. ನಮ್ಮದು ಇಂಡಿ ಕಡೆ. ಭಾವ ತೀರಿಕೊಂಡ ಮೇಲೆ ಅಕ್ಕ ಮಗಳನ್ನು ಕರೆದುಕೊಂಡು ಪುಣೆಗೆ ಬಂದಳು. ನಾನು ಆಗಲೇ ಇಲ್ಲಿದ್ದೆ. ಅವಳು ಯರವಡಾದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗಾಡಿಗಳ ವೈರು ಜೋಡಿಸುವ ಕೆಲಸ ಸಿಕ್ಕಿತು. ಕಾಯಂ ಕೆಲಸವಲ್ಲ. ಕೆಲವು ತಿಂಗಳು ಇಟ್ಟುಕೊಳ್ಳುತ್ತಾರೆ, ಆಮೇಲೆ 'ಬ್ರೇಕ್' ಕೊಡುತ್ತಾರೆ. ಬ್ರೇಕ್ ಅಂದರೆ ಮನೆಗೆ ಹೋಗು, ಬೇಕಾದರೆ ಕರೆಯುತ್ತೇವೆ ಎಂದು. ಕರೆಯುವುದಿಲ್ಲ. ಪ್ರತಿ ಸಲ ಒಂದಿಷ್ಟು ಜನರನ್ನು ಮಾತ್ರ ಆರಿಸಿ ಕಾಯಂ ಮಾಡುತ್ತಾರೆ. ಆ ಸಲ ಅಕ್ಕನ ಹೆಸರು ಇತ್ತು. ಅವಳ ಕೈ ಚುರುಕು. ಸೂಪರ್‌ವೈಸರೇ ಕರೆದು ಹೇಳಿದ್ದರು, ಈ ತಿಂಗಳು ಒಂದೇ ಒಂದು ಖಾಡಾ ಆಗಬಾರದು ಎಂದು. ಗೈರುಹಾಜರಿಗೆ ಇಲ್ಲಿ ಖಾಡಾ ಅನ್ನುತ್ತಾರೆ. ಜ್ವರ ಬಂದರೂ ಅಕ್ಕ ಗುಳಿಗೆ ನುಂಗಿ ಹೋಗುತ್ತಿದ್ದಳು. ಮಗಳಿಗೆ ಗೌರಿ ಹುಣ್ಣಿಮೆಗೆ ಊರಿಗೆ ಹೋಗೋಣ ಎಂದು ಮಾತು ಕೊಟ್ಟಿದ್ದಳು, ಅದನ್ನೂ ಬಿಟ್ಟಳು. "ಪರ್ಮನಂಟ್ ಆಗ್ಲಿ, ಆಮ್ಯಾಲ ಸಕ್ಕರಿ ಆರತಿ, ಕೋಲಾಟ ಎಲ್ಲಾ" ಅನ್ನುತ್ತಿದ್ದಳು.

ಕಾರ್ಖಾನೆ ದೂರ. ಜನರನ್ನು ಒಯ್ಯಲು ಗುತ್ತಿಗೆ ಬಸ್ಸು. ಆ ಬಸ್ಸುಗಳ ಮಾಲೀಕರು ನಮ್ಮ ಕಡೆಯವರೇ. ಮೊದಲು ಜೋಳದ ವ್ಯಾಪಾರ ಮಾಡುತ್ತಿದ್ದರು, ಆಮೇಲೆ ಬಸ್ಸಿಗೆ ಇಳಿದರು. ಎಲ್ಲರೂ ಸಾಹುಕಾರ್ ಅನ್ನುತ್ತಿದ್ದರು. ಅವರ ಯಾರ್ಡು ಚಂದನನಗರದಲ್ಲಿ. ನಾನು ಇರುತ್ತಿದ್ದುದು ಆ ಯಾರ್ಡಿನ ಖೋಲಿಯಲ್ಲೇ.

ನಾನು ಎಂಟನೇ ಇಯತ್ತೆ ನಪಾಸು. ಫೋನ್ ರಿಪೇರಿ ಅಂಗಡಿಯಲ್ಲಿ ಕೂತು ಕೆಲಸ ಕಲಿತವನು. ಗುಂಡಿ ಇರುವ ಫೋನುಗಳ ಕಾಲ ಅದು. ಯಾವ ಫೋನಿನಲ್ಲಿ ಇಂಟರ್ನೆಟ್ ಹೇಗೆ ಚಾಲೂ ಮಾಡುವುದು ಎಂದು ನನಗೆ ಗೊತ್ತಿತ್ತು. ಅದಕ್ಕೇ ಇಂಜಿನಿಯರ್ ನನ್ನನ್ನು ಇಟ್ಟುಕೊಂಡರು. ಅವರು ಮೈಸೂರಿನವರು. ಪುಣೆಯ ದೊಡ್ಡ ಕಂಪನಿ ಬಿಟ್ಟು ಸ್ವಂತ ಏನಾದರೂ ಮಾಡುತ್ತೇನೆ ಎಂದು ಹೊರಟವರು. ಸಾಹುಕಾರರಿಗೆ ಫೋನಿನಲ್ಲಿ ಬಸ್ಸಿನ ಟೈಮು ತೋರಿಸುವ ಅಪ್ಲಿಕೇಶನ್ ಮಾಡಿಕೊಡುತ್ತೇನೆ ಎಂದು ಒಪ್ಪಿಸಿದ್ದರು.

ಅದು ಬರುವ ಮೊದಲು, ಟೈಮು ಬದಲಾದರೆ ಒಬ್ಬ ಕ್ಲೀನರ್ ಸೈಕಲ್ ಮೇಲೆ ಎಲ್ಲ ಪಾಯಿಂಟಿಗೂ ಹೋಗಿ ಹೇಳಿ ಬರುತ್ತಿದ್ದ. ಪಾಯಿಂಟ್ ಅಂದರೆ ಜನ ಬಸ್ಸಿಗೆ ಕಾಯುವ ಜಾಗ. ಹೆಚ್ಚಾಗಿ ಚಹಾ ಅಂಗಡಿಯ ಎದುರು. ಅವನು ಒಂದು ಪಾಯಿಂಟಿನಲ್ಲಿ ಚಹಾ, ಇನ್ನೊಂದರಲ್ಲಿ ವಡಾಪಾವ್, ಮತ್ತೊಂದರಲ್ಲಿ ಹರಟೆ ಅಂತ ಹೋಗುತ್ತಿದ್ದ. ಆದರೆ ಹೇಳಿಯೇ ಬರುತ್ತಿದ್ದ. ಇದನ್ನು ನೆನಪಿಡಿ.

ಅಪ್ಲಿಕೇಶನ್ ಬಂದ ಮೇಲೆ ಪ್ರತಿ ಚಹಾ ಅಂಗಡಿಗೂ ಸಾಹುಕಾರರು ಒಂದೊಂದು ಫೋನು ಕೊಟ್ಟರು. ಡ್ರೈವರುಗಳಿಗೂ ಕೊಟ್ಟರು. ಸಂಜೆ ಹಾಲಿಗೆ, ಸಕ್ಕರೆಗೆ ಬಂದವರು ನೋಡಿಕೊಂಡು ಹೋಗುವುದು.

ಕೆಲಸ ಶುರುವಾದಾಗ ಇಂಜಿನಿಯರ್ ನನ್ನನ್ನು ಕೂರಿಸಿಕೊಂಡು ಹೇಳಿದರು.

"ನೋಡು, ಈ ಫೋನು ಪೆದ್ದು. ಅದಕ್ಕೆ ಏನೂ ಗೊತ್ತಿಲ್ಲ. ನಿಜವಾದ ಟೈಮು ಇರೋದು ನಮ್ಮ ಕಂಪ್ಯೂಟರಲ್ಲಿ. ಅದು ಸರ್ವರ್. ಫೋನಲ್ಲಿ ಇರೋದು ಬರೀ ಕಾಪಿ."

"ಕಾಪಿ ಯಾಕ್ ಬೇಕ್ರಿ ಸರ? ಪ್ರತಿ ಸಲ ಸರ್ವರಿಗೇ ಕೇಳ್ಲಿ."

"ಕೇಳಿದಾಗೆಲ್ಲ ಬ್ಯಾಲೆನ್ಸ್ ಕಟ್ಟಾಗುತ್ತೆ. ಬ್ಯಾಟರಿ ಇಳಿಯುತ್ತೆ. ನೆಟ್‌ವರ್ಕ್ ಇಲ್ಲದಿದ್ರೆ ಪರದೆ ಖಾಲಿ. ಖಾಲಿ ಇರೋದಕ್ಕಿಂತ ಹಿಂದಿನ ಸಲದ್ದು ತೋರಿಸೋದು ವಾಸಿ."

"ಹಂಗಾರ ಟೈಮ್ ಬದಲಾದಾಗ ಸರ್ವರೇ ಫೋನಿಗೆ ಹೇಳ್ಲಿ."

"ಅದಕ್ಕಾಗಲ್ಲ ಮಾರಾಯ. ಫೋನು ಕೇಳ್ಬೇಕು, ಆಮೇಲೆ ಅದು ಹೇಳುತ್ತೆ. ಕೇಳದೆ ಇದ್ರೆ ಬಾಯಿ ಬಿಡಲ್ಲ."

"ನಮ್ಮ ಸಾಹುಕಾರ್ರಗತೆ ಅನ್ರಿ."

ಅವರು ಬಿದ್ದು ಬಿದ್ದು ನಕ್ಕರು. ನಾವಿಬ್ಬರೂ ಅವತ್ತಿನಿಂದ ಜೊತೆಯಾದೆವು.

ಎಲ್ಲ ತೊಂದರೆ ಇದೇ ಆಗಿತ್ತು. ಫೋನು ಯಾವಾಗ ಕೇಳಬೇಕು? ಐದೈದು ನಿಮಿಷಕ್ಕೆ ಕೇಳುವ ಹಾಗೆ ಮಾಡಿದೆವು. ಫೋನುಗಳ ಬ್ಯಾಟರಿ ಮಧ್ಯಾಹ್ನಕ್ಕೆ ಸತ್ತವು, ಬ್ಯಾಲೆನ್ಸು ವಾರದಲ್ಲಿ ಸತ್ತಿತು. ಗುಂಡಿ ಒತ್ತಿದರೆ ಮಾತ್ರ ಕೇಳುವ ಹಾಗೆ ಮಾಡಿದೆವು. ಚಹಾದವರು ಒತ್ತಲೇ ಇಲ್ಲ. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದವನು ಯಾಕೆ ಒತ್ತುತ್ತಾನೆ?

ಒಂದು ದಿನ ನಾನು ಸುಮ್ಮನೆ ಬಾಯಿಗೆ ಬಂದದ್ದು ಅಂದೆ. "ಒಂದ್ ಮಿಸ್ ಕಾಲ್ ಕೊಟ್ ಬಿಡ್ರಲಾ ಸರ. ಎಲ್ಲಾರೂ ಅದೇ ಮಾಡ್ತಾರ."

ಮಾಡುತ್ತಿದ್ದರು. ಆಗ ಪುಣೆಯಲ್ಲಿ ಫೋನ್ ಇದ್ದವರೆಲ್ಲ ಅರ್ಧ ಮಾತು ಮಿಸ್ ಕಾಲಿನಲ್ಲೇ ಮುಗಿಸುತ್ತಿದ್ದರು. ಹೊರಟೆ ಅಂದರೆ ಒಂದು, ಮುಟ್ಟಿದೆ ಅಂದರೆ ಒಂದು, ಕೆಳಗೆ ಬಾ ಅಂದರೆ ಒಂದು. ದುಡ್ಡಿಲ್ಲದ ಮಾತು.

ಇಂಜಿನಿಯರ್ ಎದ್ದು ನಿಂತುಬಿಟ್ಟರು. ಫೋನಿಗೆ ಕರೆ ಬಂದಾಗ ಚಾಲೂ ಇರುವ ಅಪ್ಲಿಕೇಶನ್ ಒಮ್ಮೆ ನಿಲ್ಲುತ್ತದೆ, ಕರೆ ಹೋದ ಮೇಲೆ ಮತ್ತೆ ಏಳುತ್ತದೆ. ಎದ್ದ ಕೂಡಲೇ ಸರ್ವರನ್ನು ಕೇಳು ಎಂದು ಅವರು ಬರೆದರು. ಯಾರ್ಡಿನ ಖೋಲಿಯಲ್ಲಿ ಸಿಮ್ ಹಾಕುವ ಒಂದು ಡಬ್ಬಿ ತಂದು ಕಂಪ್ಯೂಟರಿಗೆ ಜೋಡಿಸಿದರು. ನಾನು ಕಂಪ್ಯೂಟರಿನಲ್ಲಿ ಟೈಮು ಬದಲಿಸಿದರೆ ಸಾಕು, ಆ ಡಬ್ಬಿ ಒಂದೊಂದೇ ಪಾಯಿಂಟಿಗೆ ಮಿಸ್ ಕಾಲ್ ಕೊಡುತ್ತಾ ಹೋಗುತ್ತಿತ್ತು. ಫೋನು ಎಚ್ಚರಾಗಿ ಸರ್ವರಿಗೆ ಕೇಳುತ್ತಿತ್ತು. ಹೊಸ ಟೈಮು ಬರುತ್ತಿತ್ತು. ನಮ್ಮ ಪರದೆಯ ಮೇಲೆ ಆ ಪಾಯಿಂಟಿನ ಹೆಸರು ಹಸಿರಾಗುತ್ತಿತ್ತು. ಮೊದಲ ದಿನ ಎಲ್ಲ ಹೆಸರು ಒಂದರ ಹಿಂದೆ ಒಂದು ಹಸಿರಾದಾಗ ಸಾಹುಕಾರರು ಪೇಢೆ ತರಿಸಿದರು.

ಆ ಹಸಿರಿಗೆ ಒಂದೇ ಅರ್ಥ ಇತ್ತು. ಡಬ್ಬಿ ನಂಬರು ಒತ್ತಿತು ಎಂದು. ಅಲ್ಲಿ ಫೋನು ಕೇಳಿಸಿಕೊಂಡಿತು ಎಂದಲ್ಲ. ನಮಗೆ ಯಾರಿಗೂ ಆ ವ್ಯತ್ಯಾಸ ಹೊಳೆಯಲಿಲ್ಲ. ಹೊಳೆಯುವ ಹಾಗೆ ಏನೂ ಆಗಿರಲಿಲ್ಲ.

ಇನ್ನೊಂದು ಮಾತು. ಮೊದಲು ಫೋನಿನ ಪರದೆಯ ಮೇಲೆ ಬಸ್ಸಿನ ಟೈಮಿನ ಕೆಳಗೆ ಸಣ್ಣದಾಗಿ ಇನ್ನೊಂದು ಟೈಮು ಇರುತ್ತಿತ್ತು. ಫೋನು ಸರ್ವರನ್ನು ಕೊನೆಗೆ ಕೇಳಿದ್ದು ಯಾವಾಗ ಎಂದು. ಅದನ್ನು ತೆಗೆಸಿದವಳು ಅಕ್ಕ.

ಒಂದು ಭಾನುವಾರ ಊಟಕ್ಕೆ ಹೋದಾಗ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಎರಡೆರಡು ಟೈಮ್ ಯಾಕ ಇಟ್ಟೀರೋ ಖೋಡಿಗೋಳಾ? ನಮ್ಮ ಪಾಯಿಂಟಿನ ಮುದುಕಿ ಮಾವಶಿ ಕೆಳಗಿನ ಟೈಮ್ ನೋಡಿ ಬಂದು ತಾಸುಗಟ್ಟಲೆ ನಿಂತಿದ್ಳು. ಪಾಪ, ಚಳ್ಯಾಗ."

"ಅದು ಬಸ್ಸಿನ ಟೈಮ್ ಅಲ್ಲವಾ. ಅದು ಫೋನ್ ಕೇಳಿದ್ದ ಟೈಮ್."

"ಫೋನ್ ಯಾವಾಗರೆ ಕೇಳ್ಲಿ, ನಮಗೇನು? ನಮಗ ಬಸ್ ಯಾವಾಗ ಬರ್ತದ ಅಷ್ಟ ಬೇಕು. ಒಂದು ಟೈಮ್ ಇಡು, ದೊಡ್ಡದಾಗಿ ಇಡು. ಕಣ್ಣಿಗೆ ಚಾಳೀಸ ಇಲ್ದವರಿಗೂ ಕಾಣಬೇಕು."

ನನಗೆ ಸರಿ ಅನ್ನಿಸಿತು. ಈಗ ಯೋಚಿಸಿದರೂ ಅವಳ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಹೋಗಿ ಇಂಜಿನಿಯರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಅದು ಒಂದಿನ ಬೇಕಾಗುತ್ತೆ ಕಣೋ" ಅಂದರು. ಸಾಹುಕಾರರೂ ತೆಗೀರಿ ಅಂದರು. ತೆಗೆದರು. ಪರದೆ ತುಂಬ ಒಂದೇ ಟೈಮು ದಪ್ಪ ಅಕ್ಷರದಲ್ಲಿ ಬಂತು. ಎಲ್ಲರಿಗೂ ಖುಷಿಯಾಯಿತು. ಅಕ್ಕ ಅವತ್ತು ನನಗೆ ಹೋಳಿಗೆ ಮಾಡಿ ಹಾಕಿದಳು.

ಇನ್ನು ಕಾಕಾ. ಯರವಡಾ ಬಸ್ಸಿನ ಡ್ರೈವರು. ಅಕ್ಕಲಕೋಟೆ ಕಡೆಯ ಕನ್ನಡದವರು. ವಯಸ್ಸಾದವರು, ತಲೆಗೆ ಬಿಳಿ ಟೋಪಿ. ಎಲ್ಲರೂ ಕಾಕಾ ಅನ್ನುತ್ತಿದ್ದರು. ಕಾಕಾಗೆ ಒಂದು ನಿಯಮ ಇತ್ತು. ಮಿಸ್ ಕಾಲ್ ಬಂದರೆ ವಾಪಸ್ ಮಾಡಲೇಬೇಕು. ಕೊಟ್ಟವನ ಹತ್ತಿರ ಬ್ಯಾಲೆನ್ಸ್ ಇಲ್ಲ, ಅವನಿಗೆ ಏನೋ ಹೇಳುವುದಿದೆ, ಕೇಳದೆ ಬಿಟ್ಟರೆ ಅದು ಮನುಷ್ಯತ್ವವಲ್ಲ. ನಮ್ಮ ಡಬ್ಬಿ ಮಿಸ್ ಕಾಲ್ ಕೊಟ್ಟಾಗಲೂ ಅವರು ವಾಪಸ್ ಮಾಡುತ್ತಿದ್ದರು. ಡಬ್ಬಿಗೆ ಬಾಯಿಲ್ಲ. ಅದರ ಮೇಲಿನ ದೀಪ ಮಿಣಮಿಣ ಅನ್ನುತ್ತಿತ್ತು, ಅಷ್ಟೇ. ಕಾಕಾ ರಿಂಗು ತಾನಾಗಿ ನಿಲ್ಲುವವರೆಗೂ ಕಿವಿಗೆ ಹಿಡಿದುಕೊಂಡಿರುತ್ತಿದ್ದರು.

ಇಂಜಿನಿಯರ್ ಅವರಿಗೆ ತಿಳಿಸಿ ಹೇಳಿದರು. "ಕಾಕಾ, ಅದು ಮೆಷಿನ್ನು. ನೀವು ವಾಪಸ್ ಮಾಡೋದು ಬೇಡ."

"ಮೆಷಿನ್ ತನ್ನಷ್ಟಕ್ಕ ತಾನs ಮಾಡ್ತದೇನ್ರಿ ಸಾಹೇಬ್ರ? ಹಿಂದ ಮನಶ್ಯಾ ಇರ್ತಾನಲ್ಲ?"

"ಇರ್ತಾನೆ, ಇವನೇ ಇರ್ತಾನೆ" ಎಂದು ನನ್ನನ್ನು ತೋರಿಸಿದರು.

"ಮತ್ತ? ಇಂವಾ ನಮ್ಮ ಹುಡುಗ. ಇಂವಾ ಮಿಸ್ ಕಾಲ್ ಕೊಟ್ರ ನಾ ಸುಮ್ನ ಕುಂಡ್ರಲೇನು?"

ನಾವು ನಕ್ಕು ಬಿಟ್ಟೆವು. ಆಮೇಲೆ ದೀಪ ಮಿಣುಕಿದಾಗಲೆಲ್ಲ ನಮಗೆ ಅದೇ ಜೋಕು. "ಕಾಕಾ ಡಬ್ಬಿ ಕೂಡ ಮಾತಾಡ್ಲಿಕತ್ತಾರ್ರೀ ಸರ." "ಏನಂತೆ, ಊಟ ಆಯ್ತಂತಾ?"

ನಾನು ಬೈಕು ಓಡಿಸಿದ ಹಿಂದಿನ ದಿನ ಸಂಜೆಯೂ ದೀಪ ಮಿಣುಕಿತು.

ಸಂಜೆ ಕಾರ್ಖಾನೆಯಿಂದ ಸಾಹುಕಾರರಿಗೆ ಫೋನು ಬಂತು. ನಾಳೆ ಹೊರಗಿನಿಂದ ದೊಡ್ಡವರು ನೋಡಲು ಬರುತ್ತಾರೆ, ಮೊದಲ ಪಾಳಿ ಏಳಕ್ಕಲ್ಲ, ಆರೂವರೆಗೆ. ಮೊದಲ ಪಾಳಿಯವರು ಆಗಲೇ ಮನೆ ಮುಟ್ಟಿದ್ದರು. ನಾನು ಕಂಪ್ಯೂಟರಿನಲ್ಲಿ ಎಲ್ಲ ಬಸ್ಸುಗಳನ್ನು ಅರ್ಧ ತಾಸು ಮುಂಚೆ ಹೊರಡುವ ಹಾಗೆ ಹಾಕಿದೆ. ಯರವಡಾ ಐದೂ ಐವತ್ತು ಇದ್ದದ್ದು ಐದೂ ಇಪ್ಪತ್ತು ಆಯಿತು. ಡಬ್ಬಿ ಮಿಸ್ ಕಾಲ್ ಕೊಡಲು ಶುರು ಮಾಡಿತು. ಕಾಕಾ ಹಸಿರು. ದೀಪ ಮಿಣಮಿಣ. ಯರವಡಾ ಹಸಿರು. ವಿಶ್ರಾಂತವಾಡಿ ಹಸಿರು. ಎಲ್ಲ ಹಸಿರು. ನಾನು ಎದ್ದು ಹೋಗಿ ವಡಾಪಾವ್ ತಿಂದೆ.

ಬೆಳಿಗ್ಗೆ ಯಾರೋ ಖೋಲಿಯ ಬಾಗಿಲು ಮುರಿಯುವ ಹಾಗೆ ಬಡಿದರು. ಅಕ್ಕ. ಹಿಂದೆ ರಿಕ್ಷಾ ನಿಂತಿತ್ತು.

"ಬಸ್ ಎಲ್ಲ್ಯದೋ? ನಾವು ಐದು ಮಂದಿ ನಿಂತೀವಿ. ಬಸ್ಸೇ ಇಲ್ಲ. ಪೇಪರ್ ಹಾಕಾಂವ ಅಂದ, ಆಗಲೇ ಬಂದು ಹೋತು ಅಂತ."

"ಐದೂ ಇಪ್ಪತ್ತಕ್ಕ ಹೋಗೇದಲ್ಲವಾ!"

"ಯಾವ ಐದೂ ಇಪ್ಪತ್ತು?"

ನಾನು ಕಂಪ್ಯೂಟರ್ ನೋಡಿದೆ. ಯರವಡಾ ಹಸಿರಾಗಿಯೇ ಇತ್ತು. ಇನ್ನು ನೋಡುತ್ತಾ ನಿಲ್ಲುವ ಹಾಗಿರಲಿಲ್ಲ. ಇಂಜಿನಿಯರರ ಬೈಕಿನ ಕೀಲಿ ಮೊಳೆಗೆ ನೇತಾಡುತ್ತಿತ್ತು. ಹೊರಟೆವು. ಉಳಿದ ನಾಲ್ವರು ಮನೆಗೆ ಹೋದರು. ಅವರಿಗೆ ಅದು ಒಂದು ದಿನದ ಖಾಡಾ.

ಶಿಕ್ರಾಪುರದ ಕಬ್ಬಿನ ಟ್ರಾಲಿ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ನಾವು ಗೇಟು ಮುಟ್ಟಿದಾಗ ಒಳಗಿನ ಗಡಿಯಾರದಲ್ಲಿ ಏಳಕ್ಕೆ ಇನ್ನೂ ಸ್ವಲ್ಪ ಇತ್ತು. ಹಳೆಯ ಟೈಮಿಗೆ ನೋಡಿದರೆ ನಾವು ಸರಿಯಾಗಿ ಮುಟ್ಟಿದ್ದೆವು.

ಗೇಟಿನವನು ಕೈ ಅಡ್ಡ ಹಿಡಿದ. "ತಾಯೀ, ಆಜ್ ಸಾಡೇಸಹಾ" ಅಂದ. ಇವತ್ತು ಆರೂವರೆ ಎಂದು. ಅಕ್ಕ ತನ್ನ ಕಾರ್ಡು ತೋರಿಸಿದಳು, ಕೈ ಮುಗಿದಳು, ಸೂಪರ್‌ವೈಸರನ್ನು ಕರೆಯಿರಿ ಅಂದಳು. ಅವರು ಬಂದರು. ಕೆಟ್ಟ ಮನುಷ್ಯರಲ್ಲ. ನಾನು ಮಧ್ಯೆ ಬಾಯಿ ಹಾಕಿ, ಅವಳ ತಪ್ಪಿಲ್ಲ, ಫೋನಿನಲ್ಲಿ ಹಳೇ ಟೈಮು ಇತ್ತು ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ಅವರು ಕೇಳಿದರು, ಹಾಗಾದರೆ ಬೇರೆ ಪಾಯಿಂಟಿನವರು ಹೇಗೆ ಬಂದರು ಎಂದು. ಒಳಗೆ ದೊಡ್ಡವರು ಬಂದಾಗಿತ್ತು. ಗೇಟು ಮುಚ್ಚಿತು.

ಅಕ್ಕ ಗೇಟಿನ ಎದುರಿನ ಬೇವಿನ ಗಿಡದ ಕೆಳಗೆ ಕೂತಳು. ಊಟದ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. "ತಿನ್ನು" ಅಂದಳು ನನಗೆ. ತಾನು ತಿನ್ನಲಿಲ್ಲ.

ಅಷ್ಟರಲ್ಲಿ ಬಸ್ಸುಗಳು ನಿಲ್ಲುವ ಕಡೆಯಿಂದ ಕಾಕಾ ಬಂದರು.

"ಏ ತಂಗೀ, ಎಲ್ಲಿ ಹೋಗಿದ್ರವಾ ಎಲ್ಲಾರೂ? ನಾ ಬಂದು ಹಾರ್ನ್ ಹೊಡದೆ, ಹೊಡದೆ. ಒಂದು ನಾಯಿ ಎದ್ದು ಬಂತು, ಮನಶ್ಯಾರು ಯಾರೂ ಇಲ್ಲ."

"ನಮ್ಮ ಫೋನಿಗೆ ಹೊಸಾ ಟೈಮ್ ಬಂದಿಲ್ರಿ ಕಾಕಾ."

"ನನಗ ಬಂತಲ್ಲ!" ಕಾಕಾ ನನ್ನ ಕಡೆ ತಿರುಗಿದರು. "ಯಾಕೋ, ನಾ ನಿನಗ ಮಿಸ್ ಕಾಲ್ ಕೊಟ್ಟೆನಲ್ಲೋ ಅಲ್ಲಿಂದ. ಪಾಯಿಂಟಿಗೆ ಯಾರೂ ಇಲ್ಲ, ಏನ್ ಮಾಡ್ಲಿ ಅಂತ. ಎರಡ್ ಸಲ ಕೊಟ್ಟೆ. ನೀ ವಾಪಸ್ ಮಾಡ್ತಿ ಅಂತ ಹಾದಿ ನೋಡಿದೆ. ಹಿಂದಿನ ಬಸ್ಸಿನವರು ಕೂಗ್ಲಿಕತ್ರು, ಬಿಟ್ಟೆ."

"ಯಾವ ನಂಬರಿಗೆ ಕೊಟ್ರಿ?"

"ಆಫೀಸ್ ನಂಬರಿಗೆ. ದಿನಾ ನೀ ಅದರಿಂದನs ಕೊಡ್ತಿಯಲ್ಲ."

ಡಬ್ಬಿಯ ನಂಬರು. ಅದು ನಾನು ಮಲಗಿದ್ದ ಖೋಲಿಯಲ್ಲೇ ಇತ್ತು. ದೀಪ ಮಿಣುಕಿರುತ್ತದೆ. ಸದ್ದು ಮಾಡುವ ಡಬ್ಬಿ ಅಲ್ಲ ಅದು.

ಕೈಯಲ್ಲಿದ್ದ ರೊಟ್ಟಿಯನ್ನು ಅಕ್ಕನ ಊಟದ ಡಬ್ಬಿಗೆ ವಾಪಸ್ ಇಟ್ಟೆ.

ಸಂಜೆ ಇಂಜಿನಿಯರ್ ಯರವಡಾದ ಫೋನನ್ನು ತರಿಸಿ ನೋಡಿದರು. ನೆಟ್‌ವರ್ಕ್ ಸರಿ ಇತ್ತು, ಬ್ಯಾಲೆನ್ಸ್ ಇತ್ತು. ಹಿಂದಿನ ದಿನ ನಮ್ಮ ಮಿಸ್ ಕಾಲ್ ಮಾತ್ರ ಬಂದಿರಲಿಲ್ಲ. ಕಾಕಾರನ್ನು ಯಾರ್ಡಿನಲ್ಲೇ ನಿಲ್ಲಿಸಿಕೊಂಡು, "ನಿನ್ನೆ ಏನು ಮಾಡಿದ್ರೋ ಅದೇ ಮಾಡಿ" ಅಂದರು. ನಾನು ಟೈಮು ಬದಲಿಸಿದೆ. ಡಬ್ಬಿ ಕಾಕಾಗೆ ಮಿಸ್ ಕಾಲ್ ಕೊಟ್ಟಿತು. ಕಾಕಾ ಕನ್ನಡಕ ಏರಿಸಿ, ನಂಬರು ನೋಡಿ, ಹಸಿರು ಗುಂಡಿ ಒತ್ತಿ ಕಿವಿಗೆ ಹಿಡಿದರು. ಡಬ್ಬಿಯ ದೀಪ ಮಿಣುಕಿತು. ಪಟ್ಟಿಯಲ್ಲಿ ಕಾಕಾರ ನಂತರದ ಹೆಸರು ಯರವಡಾ. ಡಬ್ಬಿ ಯರವಡಾಕ್ಕೆ ನಂಬರು ಒತ್ತಲು ಹೋಯಿತು. ಆದರೆ ಅದರ ಲೈನಿನಲ್ಲಿ ಕಾಕಾ ಇದ್ದರು. ಕರೆ ಹೋಗಲಿಲ್ಲ. ಹೆಸರು ಹಸಿರಾಯಿತು. ಕಾಕಾ ಫೋನು ಇಳಿಸುವ ಹೊತ್ತಿಗೆ ಡಬ್ಬಿ ವಿಶ್ರಾಂತವಾಡಿಗೆ ಹೋಗಿತ್ತು.

ಮೇಜಿನ ಮೇಲೆ ಯರವಡಾದ ಫೋನು ಸುಮ್ಮನೆ ಬಿದ್ದಿತ್ತು. ದಪ್ಪ ಅಕ್ಷರದಲ್ಲಿ ಐದೂ ಐವತ್ತು.

"ಇಷ್ಟು ದಿನಾ ಯಾಕ್ ಆಗಿಲ್ರಿ ಸರ?" ಎಂದು ಕೇಳಿದೆ.

"ಆಗಿರುತ್ತೆ. ಟೈಮು ಯಾವಾಗ್ಲೂ ಐದು ಹತ್ತು ನಿಮಿಷ ತಾನೆ ಬದಲಾಗ್ತಿದ್ದಿದ್ದು. ಜನ ಮುಂಚೆನೇ ಬಂದು ನಿಂತಿರ್ತಿದ್ರು. ಯಾರಿಗೂ ಗೊತ್ತಾಗಿಲ್ಲ." ಅವರು ತಮ್ಮ ಹಣೆ ಒತ್ತಿಕೊಂಡು ಕೂತರು. "ನಾವು ಕೊಟ್ವಿ ಅಂತ ಬರ್ಕೊಂಡ್ವಿ. ಅವರಿಗೆ ಸಿಕ್ತಾ ಅಂತ ಕೇಳಲೇ ಇಲ್ಲ."

ಕಾಕಾಗೆ ಅರ್ಧ ಅರ್ಥವಾಯಿತು. ಅರ್ಥವಾದ ಅರ್ಧವೇ ಸಾಕಾಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

ಇಂಜಿನಿಯರ್ ಒಂದು ವಾರದಲ್ಲಿ ಎಲ್ಲ ಸರಿ ಮಾಡಿದರು. ಫೋನೇ ಬಂದು ಸರ್ವರನ್ನು ಕೇಳಿದ ಮೇಲೆಯೇ ಹೆಸರು ಹಸಿರಾಗಬೇಕು. ಕೇಳದಿದ್ದರೆ ಕೆಂಪು, ಮತ್ತೆ ಮಿಸ್ ಕಾಲ್. ಫೋನಿನಲ್ಲಿ ಎರಡನೇ ಟೈಮು ತರಲಿಲ್ಲ. ಬಹಳ ಹೊತ್ತಿನಿಂದ ಕೇಳಿಲ್ಲವಾದರೆ ಬಸ್ಸಿನ ಟೈಮೇ ಮಸುಕಾಗಿ, ಪಕ್ಕದಲ್ಲಿ 'ಜುನಾ' ಎಂದು ಬರುತ್ತಿತ್ತು. ಮರಾಠಿಯಲ್ಲಿ ಹಳೇದು ಎಂದು. ಇದು ಎಲ್ಲರಿಗೂ ಅರ್ಥವಾಯಿತು. ಚಾಳೀಸ ಇಲ್ಲದ ಮಾವಶಿಗೂ ಆಯಿತು. ಮೊದಲೇ ಹೀಗೆ ಮಾಡಬಹುದಿತ್ತು. ಮೊದಲು ಯಾರಿಗೂ ತೋಚಲಿಲ್ಲ.

ಬೇರೆ ಬಸ್ಸಿನವರೂ ಆ ಅಪ್ಲಿಕೇಶನ್ ತೆಗೆದುಕೊಂಡರು. ಈಗ ಚೆನ್ನಾಗಿ ನಡೆದಿದೆ. ಅಕ್ಕನಿಗೆ ಅದರಿಂದ ಏನೂ ಇಲ್ಲ.

ತಿಂಗಳ ಕೊನೆಗೆ ಕಾಯಂ ಆದವರ ಹೆಸರು ಓದಿದರು. ಅಕ್ಕನದು ಇರಲಿಲ್ಲ. ಸಾಹುಕಾರರು ಕಾರ್ಖಾನೆಗೆ ಹೋಗಿ ಮಾತಾಡಿದರು. ಮಾತಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯವರು ಮುಂದಿನ ಸಲ ನೋಡೋಣ ಅಂದರು. ಮುಂದಿನ ಸಲ ಎಂಬುದು ಬರಲಿಲ್ಲ. ಬ್ರೇಕ್ ಕೊಟ್ಟರು. ಅಕ್ಕ ಈಗ ಉಡುಪಿ ಕಡೆಯವರ ಹೋಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾಳೆ. ವೈರು ಜೋಡಿಸುತ್ತಿದ್ದ ಬೆರಳುಗಳು. ಒಲೆಯ ಝಳಕ್ಕೆ ತುದಿಯ ಚರ್ಮ ಸುಲಿದಿದೆ.

ಕಾಕಾ ಒಂದು ದಿನ ಅವಳ ಖೋಲಿಗೆ ಬಂದರು. ಸಾಸವಡದಿಂದ ತಂದ ಸೀತಾಫಲ ಒಂದು ಚೀಲ. ನಾನೂ ಅಲ್ಲೇ ಇದ್ದೆ.

"ನಾ ಏನ್ ಕೆಟ್ಟದ್ದ ಮಾಡೀನಿ ಹೇಳವಾ. ಮಂದಿ ಮಿಸ್ ಕಾಲ್ ಕೊಟ್ರು, ವಾಪಸ್ ಮಾಡಿದೆ."

"ನೀವೇನೂ ಮಾಡಿಲ್ರಿ ಕಾಕಾ. ಚಹಾ ತಗೋರಿ."

"ಈಗ ಯಾರದರೆ ಮಿಸ್ ಕಾಲ್ ಬಂದ್ರ ಫೋನ್ ನೋಡ್ಕೋತ ಕುಂಡ್ರತೀನಿ. ವಾಪಸ್ ಮಾಡ್ಲ್ಯಾ, ಬ್ಯಾಡಾ? ಮೊನ್ನೆ ಮಗಳು ಕೊಟ್ಟಿದ್ಳು, ಊರಿಂದ. ನಾ ಮಾಡ್ಲೇ ಇಲ್ಲ. ಆಕಿ ಸಿಟ್ಟಾಗ್ಯಾಳ."

"ಮಗಳಿಗೆ ಮಾಡ್ರಿ ಕಾಕಾ. ಈಗs ಮಾಡ್ರಿ. ಡಬ್ಬಿಗೆ ಅಷ್ಟ ಮಾಡಬ್ಯಾಡ್ರಿ." ಅಕ್ಕ ನಕ್ಕಳು. ಕಾಕಾ ನಗಲಿಲ್ಲ. ಚಹಾ ತಟ್ಟೆಗೆ ಸುರಿದುಕೊಂಡು ಕುಡಿದು ಎದ್ದು ಹೋದರು.

ಅವರು ಹೋದ ಮೇಲೆ ನಾನು ಅಕ್ಕನಿಗೆ ಎಲ್ಲ ಬಿಡಿಸಿ ಹೇಳಲು ಹೋದೆ. ಲೈನು, ಹಸಿರು, ಡಬ್ಬಿ, ಎಲ್ಲ ಹಸಿರಾಯಿತೆಂದು ನಾನು ವಡಾಪಾವ್ ತಿನ್ನಲು ಹೋದದ್ದು. ಅವಳು ಸೀತಾಫಲ ಒಡೆದು ಮಗಳ ಕೈಗೆ ಕೊಡುತ್ತಿದ್ದಳು.

"ಸಾಕ್ ಬಿಡೋ. ಒಂದ್ ಮಾತು ಹೇಳು. ಆ ಸಂಜಿ ನೀ ವಡಾಪಾವ್ ತಿಂದ್ಯಲ್ಲ, ಅಲ್ಲಿಂದ ನಮ್ಮನಿ ಎಷ್ಟ್ ದೂರ?"

"ರಿಕ್ಷಾದಾಗ ಹತ್ತು ನಿಮಿಷ."

"ಹಾಂ" ಅಂದಳು. ಅಷ್ಟೇ. ಮತ್ತೆ ಆ ಮಾತು ತೆಗೆದಿಲ್ಲ.

ಆದರೆ ಈಗ ನಾನು ಏನು ಹೇಳಿದರೂ ಒಂದೇ ಪ್ರಶ್ನೆ ಕೇಳುತ್ತಾಳೆ. ಹಾಲಿನ ಅಂಗಡಿ ತೆರೆದಿದೆ ಅಂದರೆ, ನಲ್ಲಿಯಲ್ಲಿ ನೀರು ಬಂತು ಅಂದರೆ, ಊರಲ್ಲಿ ಎಲ್ಲ ಆರಾಮ ಇದ್ದಾರೆ ಅಂದರೆ. "ಇದು ಈಗಿಂದೋ, ಹಳೇದೋ?" ಸಿಟ್ಟಿನಿಂದ ಅಲ್ಲ. ಅಭ್ಯಾಸ ಆಗಿಬಿಟ್ಟಿದೆ.

ಅವಳಿಗೆ ಒಂದು ಫೋನು ಕೊಡಿಸಿದ್ದೇನೆ. ಅದಕ್ಕೆ ನಾನು ಮಿಸ್ ಕಾಲ್ ಕೊಡುವುದಿಲ್ಲ. ಪೂರ್ತಿ ರಿಂಗು ಮಾಡುತ್ತೇನೆ. ಚಪಾತಿಯ ಹಿಟ್ಟಿನ ಕೈ ಒರೆಸಿಕೊಂಡು ಅವಳು ಎತ್ತುವವರೆಗೂ ಹಿಡಿದಿರುತ್ತೇನೆ. ಅವಳು "ಹಾಂ, ಹೇಳು" ಅಂದ ಮೇಲೆಯೇ ಬಾಯಿ ತೆರೆಯುತ್ತೇನೆ.

ಇದರ ಮೇಲೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ನಿಲ್ಲಿಸುತ್ತೇನೆ.